ಹುಳ ಮೊದಲು ಕೋಳಿಗೆ, ಆಮೇಲೆ ನಮಗೆ

(ಉಡುಪಿಯಲ್ಲಿ ನೀಡಿದ ಉಪನ್ಯಾಸದ ಬರಹ ರೂಪ)

ಮಾಂಸದ ಬದಲು ಕೀಟ ತಿನ್ನಬಹುದೇ ಎಂಬ ವಿಷಯ ಕೊಟ್ಟು ನನ್ನನ್ನು ಇಲ್ಲಿ ನಿಲ್ಲಿಸಿದ್ದೀರಿ. ಉತ್ತರ ಮೊದಲೇ ಹೇಳಿಬಿಡುತ್ತೇನೆ, ಕಾರಣಗಳು ಆಮೇಲೆ. ತಿನ್ನಬಹುದು. ಜಗತ್ತಿನಲ್ಲಿ ಕೋಟ್ಯಂತರ ಜನ ತಿನ್ನುತ್ತಲೇ ಇದ್ದಾರೆ, ಕರ್ನಾಟಕದಲ್ಲೂ ತಿನ್ನುವವರಿದ್ದಾರೆ. ಆದರೆ ಮಂಗಳೂರು, ಉಡುಪಿಯ ಮಟ್ಟಿಗೆ ಹುಳ ಮೊದಲು ಸೇರಬೇಕಾದದ್ದು ಕೋಳಿಯ ಮತ್ತು ಸಾಕುಮೀನಿನ ಹೊಟ್ಟೆಗೆ. ನಮ್ಮ ತಟ್ಟೆಯ ಪ್ರಶ್ನೆ ಅದರ ನಂತರದ್ದು. ಇವತ್ತು ಆ ಕೋಳಿಗೂ ಸಾಕುಮೀನಿಗೂ ನಾವು ನಮ್ಮದೇ ಕಡಲಿನ ಮರಿಮೀನನ್ನು ಒಣಗಿಸಿ ಪುಡಿಮಾಡಿ ಹಾಕುತ್ತಿದ್ದೇವೆ. ಇದು ನನಗೆ ಸಹಿಸಲಾಗದ ಸಂಗತಿ. ನಾನು ಬಂದಿರುವುದು ಅದನ್ನು ಹೇಳುವುದಕ್ಕೆ.

ಮೊದಲು ಹೊರಗಿನ ಲೋಕದ ಮಾತು. 2013ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಕೀಟಾಹಾರದ ಬಗ್ಗೆ ದೊಡ್ಡದೊಂದು ವರದಿ ಹೊರತಂದಿತು. ಮನುಷ್ಯರು ತಿನ್ನುವ 1,900ಕ್ಕೂ ಹೆಚ್ಚು ಬಗೆಯ ಕೀಟಗಳ ಲೆಕ್ಕ ಅದರಲ್ಲಿತ್ತು. ಜೀರುಂಡೆ, ಕಂಬಳಿಹುಳ, ಕಣಜ, ಇರುವೆ, ಮಿಡತೆ ಎಲ್ಲವೂ ಬಂದವು. ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾದದ್ದು ಮಾತ್ರ ಮೇವಿನ ಲೆಕ್ಕ. ಒಂದು ಕಿಲೋ ತೂಕ ಏರಲು ದನಕ್ಕೆ ಸುಮಾರು 10 ಕಿಲೋ ಮೇವು ಬೇಕು, ಹಂದಿಗೆ 5, ಕೋಳಿಗೆ 2.5. ರಾತ್ರಿ ಮನೆಮೂಲೆಯಲ್ಲಿ ಕಿರ್ರೆಂದು ಕೂಗುವ ಕ್ರಿಕೆಟ್ ಹುಳಕ್ಕೆ 1.7 ಕಿಲೋ ಸಾಕು. ಮೇಲಾಗಿ ದನದ ತೂಕದಲ್ಲಿ ನಾವು ತಿನ್ನುವುದು ಶೇ. 40ರಷ್ಟು, ಕೋಳಿಯಲ್ಲಿ ಶೇ. 55. ಕ್ರಿಕೆಟ್ ಹುಳದಲ್ಲಿ ಶೇ. 80 ಭಾಗ ಹೊಟ್ಟೆಗೆ ಹೋಗುತ್ತದೆ. ಕಾರಣ ಸರಳ. ಹುಳ ಶೀತರಕ್ತದ ಜೀವಿ. ನಾವು, ಕೋಳಿ, ದನ ಎಲ್ಲ ತಿಂದದ್ದರಲ್ಲಿ ದೊಡ್ಡ ಪಾಲನ್ನು ಮೈ ಬೆಚ್ಚಗಿಡಲು ಸುಡುತ್ತೇವೆ. ಹುಳಕ್ಕೆ ಆ ಖರ್ಚಿಲ್ಲ.

ಈ ಲೆಕ್ಕ ಕೇಳಿ ಬಹಳ ಜನ ಉತ್ಸಾಹಗೊಂಡರು. ಥಾಯ್ಲೆಂಡಿನಲ್ಲಿ ಅದಕ್ಕೂ ಮೊದಲೇ ಕೆಲಸ ಶುರುವಾಗಿತ್ತು. 1998ರ ಸುಮಾರಿಗೆ ಖೋನ್ ಕೇನ್ ವಿಶ್ವವಿದ್ಯಾಲಯದವರು ರೈತರಿಗೆ ಕ್ರಿಕೆಟ್ ಸಾಕಣೆ ಕಲಿಸಿದರು. ಸಿಮೆಂಟ್ ಬ್ಲಾಕಿನ ಮೊಣಕಾಲೆತ್ತರದ ತೊಟ್ಟಿ, ಒಳಗೆ ಮೊಟ್ಟೆಯ ಟ್ರೇಗಳು, ಮೇಲೆ ಬಲೆ, ಇಷ್ಟೇ ಬಂಡವಾಳ. ಹತ್ತಿಪ್ಪತ್ತು ವರ್ಷಗಳಲ್ಲಿ ಅಲ್ಲಿ ಸುಮಾರು 20,000 ಕುಟುಂಬಗಳು ಇದರಲ್ಲಿ ತೊಡಗಿದವು. ಯುರೋಪ್ ಒಕ್ಕೂಟ 2021ರಲ್ಲಿ ಒಣಗಿಸಿದ ಹಿಟ್ಟಿನ ಹುಳಕ್ಕೆ, ಮೀಲ್‌ವರ್ಮ್ ಅನ್ನುತ್ತಾರಲ್ಲ ಅದಕ್ಕೆ, ಮನುಷ್ಯರ ಆಹಾರವಾಗಿ ಒಪ್ಪಿಗೆ ಕೊಟ್ಟಿತು. ಅದರ ಹಿಂದೆಯೇ ಮಿಡತೆಗೆ, ಕ್ರಿಕೆಟ್ ಹುಳಕ್ಕೆ ಕೊಟ್ಟಿತು. ಸಿಂಗಾಪುರ 2024ರ ಜುಲೈಯಲ್ಲಿ 16 ಬಗೆಯ ಕೀಟಗಳಿಗೆ ಬಾಗಿಲು ತೆರೆಯಿತು.

ಇಲ್ಲಿ ಕೋಳಿ ಫಾರ್ಮ್ ಇರುವವರು ಕೆಲವರು ಕೂತಿದ್ದೀರಿ. 2.5 ಎಂದಾಗ ನಿಮ್ಮ ಹುಬ್ಬು ಮೇಲೆ ಹೋದದ್ದನ್ನು ನೋಡಿದೆ. ಸರಿಯೇ. ಇವತ್ತಿನ ಬ್ರಾಯ್ಲರ್ ಕೋಳಿ ಒಂದು ಕಿಲೋ ತೂಕಕ್ಕೆ ಎರಡು ಕಿಲೋ ಫೀಡ್ ಕೂಡ ತಿನ್ನುವುದಿಲ್ಲ. ಅಂದರೆ ಮೇವಿನ ಲೆಕ್ಕದಲ್ಲಿ ಕೋಳಿಗೂ ಕ್ರಿಕೆಟ್ ಹುಳಕ್ಕೂ ಇದ್ದ ಅಂತರ ಬಹುಪಾಲು ಕರಗಿಹೋಗಿದೆ. 2015ರಲ್ಲಿ ಕ್ಯಾಲಿಫೋರ್ನಿಯಾದ ಇಬ್ಬರು ವಿಜ್ಞಾನಿಗಳು ಇದನ್ನು ನೇರವಾಗಿ ಪರೀಕ್ಷಿಸಿದರು. ಕೋಳಿ ಫೀಡನ್ನೇ ಹಾಕಿ ಕ್ರಿಕೆಟ್ ಹುಳ ಸಾಕಿದಾಗ ಪ್ರೋಟೀನ್ ಲೆಕ್ಕದಲ್ಲಿ ಅದು ಕೋಳಿಗಿಂತ ತುಸುವೇ ಮುಂದಿತ್ತು. ಸಂಸ್ಕರಿಸದ ಎಂಜಲು, ಬೆಳೆಯ ಉಳಿಕೆ ಹಾಕಿದ ತೊಟ್ಟಿಗಳಲ್ಲಿ ಹುಳಗಳು ಕೊಯ್ಲಿನ ಗಾತ್ರಕ್ಕೆ ಬರುವ ಮುಂಚೆಯೇ ಹೆಚ್ಚುಕಡಿಮೆ ಎಲ್ಲವೂ ಸತ್ತವು. ಕಸ ಹಾಕಿದರೆ ಯಾವ ಹುಳವೂ ಪ್ರೋಟೀನ್ ಕೊಡುತ್ತದೆ ಎಂಬ ಮಾತು ನಂಬಬೇಡಿ. ಯಾವ ಹುಳಕ್ಕೆ ಯಾವ ಮೇವು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಪೇಟೆಯ ಜಾಹೀರಾತುಗಳಲ್ಲಿ ಇನ್ನೊಂದು ಕಣ್ಕಟ್ಟು ನೋಡುತ್ತೇವೆ. ಹುಳದಲ್ಲಿ ಶೇ. 65 ಪ್ರೋಟೀನ್, ಕೋಳಿಯಲ್ಲಿ ಬರೀ ಶೇ. 23 ಎಂದು ಎರಡು ಕಂಬಗಳ ಚಿತ್ರ ಹಾಕಿರುತ್ತಾರೆ. ಹುಳದ ಲೆಕ್ಕ ಒಣಗಿಸಿದ ಪುಡಿಯದ್ದು, ಕೋಳಿಯ ಲೆಕ್ಕ ಹಸಿ ಮಾಂಸದ್ದು. ಒಣ ಬಂಗುಡೆಯನ್ನು ಹಸಿ ಬಂಗುಡೆಯ ಜೊತೆ ತಕ್ಕಡಿಯಲ್ಲಿಟ್ಟ ಹಾಗಾಯಿತು. ಹಸಿ ಹುಳವನ್ನು ತೂಗಿದರೆ ಅದರಲ್ಲೂ ಪ್ರೋಟೀನ್ ಶೇ. 20ರ ಆಸುಪಾಸೇ. ಇನ್ನೊಂದು ವಿಷಯ. ಪ್ರಯೋಗಾಲಯದಲ್ಲಿ ಪ್ರೋಟೀನನ್ನು ನೇರವಾಗಿ ಅಳೆಯುವುದಿಲ್ಲ, ಸಾರಜನಕ ಅಳೆದು 6.25ರಿಂದ ಗುಣಿಸುತ್ತಾರೆ. ಹುಳದ ಚಿಪ್ಪಿನಲ್ಲಿ ಕೈಟಿನ್ ಇದೆ, ಅದರಲ್ಲೂ ಸಾರಜನಕ ಇದೆ, ಆದರೆ ಅದು ಪ್ರೋಟೀನ್ ಅಲ್ಲ. ಹೀಗಾಗಿ ಅಂಕಿ ಉಬ್ಬುತ್ತದೆ. ಇಷ್ಟೆಲ್ಲ ಕಳೆದ ಮೇಲೂ ಹುಳ ಒಳ್ಳೆಯ ಆಹಾರವೇ, ಕಬ್ಬಿಣ ಇದೆ, ಬಿ12 ಇದೆ. ಒಳ್ಳೆಯ ವಸ್ತುವಿಗೆ ಸುಳ್ಳು ಲೆಕ್ಕದ ಆಸರೆ ಬೇಡ ಎಂಬುದಷ್ಟೇ ನನ್ನ ಮಾತು.

ಯುರೋಪಿನಲ್ಲಿ, ಅಮೆರಿಕದಲ್ಲಿ ಈ ಚರ್ಚೆ ನಡೆಯುವಾಗ ಎದುರಿಗಿರುವುದು ದನದ ಮಾಂಸ. ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ. 14.5 ಜಾನುವಾರು ಸಾಕಣೆಯಿಂದ ಬರುತ್ತದೆ ಎಂದು ಅದೇ 2013ರಲ್ಲಿ ಅದೇ ಸಂಸ್ಥೆ ಲೆಕ್ಕ ಕೊಟ್ಟಿತು. ಅದರಲ್ಲಿ ದನಗಳದ್ದೇ ಸಿಂಹಪಾಲು. ಅಲ್ಲಿ ಸ್ಟೀಕ್ ಬಿಟ್ಟು ಹುಳ ತಿಂದರೆ ಭೂಮಿಗೆ ದೊಡ್ಡ ಲಾಭ. ನಮ್ಮ ಕರಾವಳಿಯ ತಟ್ಟೆ ಬೇರೆ. ವಾರದಲ್ಲಿ ನಾಲ್ಕೈದು ದಿನ ಮೀನು, ಭಾನುವಾರ ಕೋರಿ ರೊಟ್ಟಿ. ಕೋಳಿ ಬಿಟ್ಟು ಹುಳ ತಿಂದರೆ ಉಳಿತಾಯ ಚಿಕ್ಕದು. ಮೀನು ಬಿಟ್ಟು ಹುಳ ತಿನ್ನಿ ಎಂದರೆ ನೀವು ಯಾರೂ ಕೇಳುವುದಿಲ್ಲ, ಕೇಳಬೇಕೆಂದು ನಾನೂ ಹೇಳುವುದಿಲ್ಲ. ಆದರೆ ಆ ಕೋಳಿ ಏನು ತಿಂದು ಬೆಳೆಯಿತು ಎಂಬ ಪ್ರಶ್ನೆ ನಮ್ಮದು. ಮೆಕ್ಕೆಜೋಳ, ಸೋಯಾ ಹಿಂಡಿ, ಮೀನಿನ ಪುಡಿ. ಜಗತ್ತಿನಲ್ಲಿ ಬೆಳೆಯುವ ಸೋಯಾದಲ್ಲಿ ಮುಕ್ಕಾಲು ಪಾಲು ಹೋಗುವುದು ಪ್ರಾಣಿಗಳ ಮೇವಿಗೆ. ಕಾಡು ಕಡಿದು ಬೆಳೆಸುತ್ತಿರುವ ಸೋಯಾ ಬಹುಮಟ್ಟಿಗೆ ಕೋಳಿ, ಹಂದಿಯ ಊಟ.

ಮೇವಿನ ಮಾತಿಗೆ ಮತ್ತೆ ಬರುತ್ತೇನೆ. ನಡುವೆ ಅಸಹ್ಯದ ವಿಷಯ ಮುಗಿಸಬೇಕು. ಉಪನ್ಯಾಸದ ಸುದ್ದಿ ಕೇಳಿದವರೆಲ್ಲ ನನ್ನನ್ನು ಮೊದಲು ಕೇಳಿದ್ದು ಅದನ್ನೇ.

ಸಿಗಡಿಯನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೀಸೆ, ಗುಂಡು ಕಣ್ಣು, ಗೆಣ್ಣುಗೆಣ್ಣಾದ ಕಾಲು, ಮೈಮೇಲೆ ಕೈಟಿನ್ ಚಿಪ್ಪು. ಕೀಟದ ವಿವರಣೆಗೂ ಇದಕ್ಕೂ ಹೆಚ್ಚೇನೂ ವ್ಯತ್ಯಾಸವಿಲ್ಲ, ಏಕೆಂದರೆ ಇವು ಒಂದೇ ಕುಲ. ಕೀಟಗಳು ಹುಟ್ಟಿಬಂದದ್ದು ಸಿಗಡಿ, ಏಡಿಗಳ ಬಳಗದ ಒಳಗಿಂದಲೇ ಎಂದು ಇವತ್ತಿನ ವಂಶವಾಹಿ ಅಧ್ಯಯನಗಳು ಹೇಳುತ್ತವೆ. ನೀರಿನಲ್ಲಿ ಉಳಿದದ್ದನ್ನು ನಾವು ಎಟ್ಟಿ ಸುಕ್ಕ ಮಾಡಿ ತಿನ್ನುತ್ತೇವೆ, ನೆಲಕ್ಕೆ ಬಂದದ್ದನ್ನು ಕಂಡರೆ ಪೊರಕೆ ಎತ್ತುತ್ತೇವೆ. ಒಣಸಿಗಡಿ ಚಟ್ನಿಯನ್ನು ತಲೆ, ಬಾಲ ಸಹಿತ ಹುರಿದು ಕಾಯಿ, ಮೆಣಸು ಹಾಕಿ ಅರೆಯುತ್ತೇವಲ್ಲ, ಒಡಿಶಾದ ಮಯೂರ್‌ಭಂಜ್ ಜಿಲ್ಲೆಯವರು ಕೆಂಪಿರುವೆಗೆ ಮಾಡುವುದೂ ಹೆಚ್ಚುಕಡಿಮೆ ಅದನ್ನೇ. ಆ ಇರುವೆಗೆ ಅಲ್ಲಿ ‘ಕಾಯಿ’ ಎನ್ನುತ್ತಾರೆ, ನಮ್ಮ ತೆಂಗಿನಕಾಯಿ ಅಲ್ಲ. ಅವರ ಆ ‘ಕಾಯಿ’ ಚಟ್ನಿಗೆ 2024ರ ಜನವರಿಯಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ, ಮಾನ್ಯತೆ ಬಂತು. ನಮ್ಮ ಮಟ್ಟುಗುಳ್ಳಕ್ಕೆ ಬಂದಿದೆಯಲ್ಲ, ಅದೇ ಮಾನ್ಯತೆ.

ಅದಕ್ಕೆ ಒಡಿಶಾದವರೆಗೆ ಹೋಗಬೇಕಾಗಿಲ್ಲ. ಇಲ್ಲಿಂದ ಘಟ್ಟ ಹತ್ತಿದರೆ, ಅಥವಾ ಕರಾವಳಿಯಲ್ಲೇ ಉತ್ತರಕ್ಕೆ ಹೋದರೆ ಚಗಳಿ ಚಟ್ನಿ ಇದೆ. ಚಗಳಿ ಎಂದರೆ ಮಾವು, ಗೇರು ಮರಗಳಲ್ಲಿ ಎಲೆಗಳನ್ನು ಹೊಲಿದು ಗೂಡು ಕಟ್ಟುವ ಕೆಂಪಿರುವೆ. ಹೊಲಿಯುವ ದಾರ ಅದರ ಮರಿಗಳ ಬಾಯಿಂದ ಬರುವ ರೇಷ್ಮೆ. ದೊಡ್ಡ ಇರುವೆಗಳು ಮರಿಯನ್ನು ಬಾಯಲ್ಲಿ ಕಚ್ಚಿ ಹಿಡಿದು ಎಲೆಯಿಂದ ಎಲೆಗೆ ಆಡಿಸುತ್ತವೆ. ಮುಂಜಾನೆ ಗೂಡು ಕಿತ್ತು, ಕೊಡವಿ, ಬಾಣಲೆಯಲ್ಲಿ ಹುರಿದು, ಕಾಯಿ, ಬೆಳ್ಳುಳ್ಳಿ, ಹಸಿಮೆಣಸು, ಉಪ್ಪು ಸೇರಿಸಿ ಅರೆಯುತ್ತಾರೆ. ಹುಣಸೆಹುಳಿ ಬೇಡ. ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲವೇ ಹುಳಿ ಕೊಡುತ್ತದೆ. ನಿಂಬೆಗಿಂತ ಚುರುಕಾದ, ಮೂಗಿಗೆ ಏರುವ ಹುಳಿ ಅದು.

ಹಳೇ ಮೈಸೂರಿನ ಕಡೆ ಮೊದಲ ಮಳೆಗೆ ಹುತ್ತದಿಂದ ಏಳುವ ರೆಕ್ಕೆಗೆದ್ದಲು, ಈಸಲು, ದೀಪದ ಕೆಳಗೆ ನೀರಿನ ತಟ್ಟೆ ಇಟ್ಟು ಹಿಡಿಯುತ್ತಾರೆ. ಹುರಿದು, ಮೊರದಲ್ಲಿ ಕೇರಿ ರೆಕ್ಕೆ ಹಾರಿಸಿ, ಪುರಿಯ ಜೊತೆ ತಿನ್ನುತ್ತಾರೆ. ಅಸ್ಸಾಮಿನಲ್ಲಿ ಎರಿ ರೇಷ್ಮೆಯ ಪ್ಯೂಪಾ ಹಬ್ಬದೂಟದ ವಸ್ತು. ನಾಗಾಲ್ಯಾಂಡಿನ ಸಂತೆಯಲ್ಲಿ ಕಣಜದ ಮರಿಗಳನ್ನು ಗೂಡು ಸಮೇತ ಮಾರುತ್ತಾರೆ.

ಇದನ್ನು ಕಾಡುಜನರ ವಿಚಿತ್ರ ಎಂದು ನೋಡುವವರಿಗೆ ನಮ್ಮ ಆಟಿ ತಿಂಗಳನ್ನು ನೆನಪಿಸುತ್ತೇನೆ. ಕಡಲಿಗಿಳಿಯುವ ಹಾಗಿಲ್ಲ, ಅಕ್ಕಿ ಮುಡಿ ಬರಿದು, ಹೊರಗೆ ಸುರಿಯುವ ಮಳೆ. ಆಗ ನಮ್ಮ ಹಿರಿಯರು ಗುಡ್ಡೆಯಿಂದ ತಜಂಕ್ ಸೊಪ್ಪು ತಂದರು, ಎಳೆ ಬಿದಿರಿನ ಕಣಿಲೆ ಕಡಿದು ನೀರಲ್ಲಿಟ್ಟರು, ಕೆಸುವಿನ ಎಲೆಗೆ ಹಿಟ್ಟು ಸವರಿ ಪತ್ರೊಡೆ ಮಾಡಿದರು. ಆ ಅಡುಗೆಗಳ ಹಿಂದೆ ಹಸಿವಿತ್ತು. ನಡುವೆ ಕೆಲವು ಕಾಲ ಅದನ್ನು ಹೇಳಿಕೊಳ್ಳಲು ನಾಚಿದವರಿದ್ದರು. ಈಗ ಆಟಿಡೊಂಜಿ ದಿನ, ಆಟಿಯಲ್ಲೊಂದು ದಿನ, ಎಂದು ಹಾಲ್ ಬಾಡಿಗೆಗೆ ಹಿಡಿದು, ಬ್ಯಾನರ್ ಕಟ್ಟಿ, ಅದನ್ನೇ ಬಡಿಸುತ್ತೇವೆ. ಹೆಮ್ಮೆಯಿಂದ ಬಡಿಸುತ್ತೇವೆ, ಅದು ಸರಿ ಕೂಡ. ಯಾವುದು ತಿನ್ನುವಂಥದ್ದು, ಯಾವುದು ನಾಚಿಕೆಯದ್ದು ಎಂಬುದು ಒಂದೇ ತಲೆಮಾರಿನಲ್ಲಿ ತಿರುಗಿಬಿಡುತ್ತದೆ.

ಆದರೆ ಚಗಳಿ ರುಚಿಯಾಗಿದೆ ಎಂದು ಕಂಡಕಂಡ ಗೂಡು ಕೀಳಲು ಹೊರಡಬೇಡಿ. ಗೇರು ತೋಟ ಇದ್ದವರಿಗೆ ಚಹಾ ಸೊಳ್ಳೆ ಎಂಬ ತಿಗಣೆ ಗೊತ್ತು. ಚಿಗುರು, ಹೂವು ಒಣಗಿಸಿ ಇಡೀ ಫಸಲು ಹಾಳುಮಾಡುವ ಕೀಟ. ಅದನ್ನು ಹಿಡಿತದಲ್ಲಿಡುವ ಶತ್ರುಗಳಲ್ಲಿ ಈ ಚಗಳಿ ಮುಖ್ಯವಾದದ್ದು. ಮರದಲ್ಲಿ ಅದು ಇದ್ದರೆ ಔಷಧಿ ಹೊಡೆಯುವ ಖರ್ಚು ಇಳಿಯುತ್ತದೆ. ಕಾಡಿನ ಹುಳಕ್ಕೆ ಪೇಟೆಯ ಬೇಡಿಕೆ ಬಂದರೆ ಹುಳ ಉಳಿಯುವುದಿಲ್ಲ, ಅದರ ಮೇಲೆ ನಿಂತ ತೋಟವೂ ಉಳಿಯುವುದಿಲ್ಲ. ಇನ್ನು ಔಷಧಿ ಹೊಡೆದ ಜಾಗದ ಹುಳ ವಿಷವೇ. 2020ರಲ್ಲಿ ರಾಜಸ್ಥಾನಕ್ಕೆ ಮಿಡತೆ ದಂಡು ಬಂದಾಗ ಇಷ್ಟೊಂದು ಪ್ರೋಟೀನ್ ಹಾರಿಬಂದಿದೆ, ಹಿಡಿದು ತಿನ್ನಬಾರದೇ ಎಂದು ಕೇಳಿದವರಿದ್ದರು. ಮೆಲಾಥಿಯಾನ್ ಸಿಂಪಡಿಸಿದ ಮಿಡತೆಯನ್ನು ತಿನ್ನುವಂತಿಲ್ಲ. ಅದೇ ವರ್ಷ ಪಾಕಿಸ್ತಾನದ ಒಕಾರಾ ಜಿಲ್ಲೆಯಲ್ಲಿ ಔಷಧಿ ಹೊಡೆಯದ ಕಡೆ, ರಾತ್ರಿ ಮಿಡತೆಗಳು ಗಿಡಗಳ ಮೇಲೆ ಮಂಕಾಗಿ ಕೂತಿರುವಾಗ, ಹಳ್ಳಿಯವರಿಂದಲೇ ಹಿಡಿಸಿ ಕಿಲೋ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೋಳಿ ಫೀಡಿಗೆ ಕಳಿಸಿದರು. ಅಲ್ಲೂ ಹುಳ ಸೇರಿದ್ದು ಕೋಳಿಯ ಹೊಟ್ಟೆಗೆ ಎಂಬುದನ್ನು ಗಮನಿಸಿ.

ಧರ್ಮದ ಮಾತು ಬಿಟ್ಟು ಈ ಊರಿನಲ್ಲಿ ಊಟದ ವಿಷಯ ಮುಗಿಸಲಾಗದು. ಒಂದು ಕಡೆ ಅಷ್ಟಮಠಗಳ ಊರು, ಇನ್ನೊಂದು ಕಡೆ ಕಾರ್ಕಳ, ಮೂಡುಬಿದಿರೆಯ ಬಸದಿಗಳು. ಕತ್ತಲಾದ ಮೇಲೆ ಊಟದಲ್ಲಿ ಹುಳ ಬಿದ್ದೀತು ಎಂದು ಸೂರ್ಯ ಮುಳುಗುವ ಮುಂಚೆ ಉಣ್ಣುವ ಜೈನ ಮನೆಗಳಿವೆ. ಆ ಸೂಕ್ಷ್ಮವನ್ನು ನಾನು ಮನಸಾರೆ ಗೌರವಿಸುತ್ತೇನೆ. ಇಸ್ಲಾಮಿನಲ್ಲಿ ಮಿಡತೆ ತಿನ್ನಲು ಅನುಮತಿಯಿದೆ, ಬೈಬಲಿನ ಲೇವಿಯರ ಕಾಂಡದಲ್ಲೂ ಮಿಡತೆಗೆ ಒಪ್ಪಿಗೆ ಇದೆ. ತಿನ್ನುವವರು ತಿನ್ನಲಿ. ತಿನ್ನದವರ ಬಾಯಿಗೆ ತಿಳಿಯದ ಹಾಗೆ ಹೋಗಬಾರದು. ಈಗಲೇ ಹೋಗುತ್ತಿದೆ ಎಂಬುದು ಹಲವರಿಗೆ ಗೊತ್ತಿಲ್ಲ. ಕೆಂಪು ಬಣ್ಣದ ತಿಂಡಿಗಳ ಪೊಟ್ಟಣದ ಮೇಲೆ 120 ಎಂಬ ಸಂಖ್ಯೆ ಕಂಡರೆ ಅದು ಕೊಚಿನಿಯಲ್ ಎಂಬ ಹುಳವನ್ನು ಒಣಗಿಸಿ ತೆಗೆದ ಬಣ್ಣ. 904 ಎಂದರೆ ಅರಗಿನ ಹುಳದ ಅಂಟು, ಮಿಠಾಯಿ, ಮಾತ್ರೆಗಳಿಗೆ ಹೊಳಪು ಕೊಡಲು ಬಳಸುತ್ತಾರೆ. ನಮ್ಮ ಆಹಾರ ಲೇಬಲಿನ ನಿಯಮದಲ್ಲಿ ಹಾಲು, ಜೇನು, ಜೇನುಮೇಣದ ಹಾಗೆಯೇ ಅರಗಿಗೂ ಮಾಂಸಾಹಾರದ ಗುರುತಿನಿಂದ ವಿನಾಯಿತಿ ಇದೆ. ನಾಳೆ ಹುಳದ ಹಿಟ್ಟು ಬಿಸ್ಕಿಟಿಗೆ ಬಂದರೆ ಇಂಥ ವಿನಾಯಿತಿ ಖಂಡಿತ ಕೂಡದು. ಯುರೋಪಿನಲ್ಲಿ ಯಾವ ಹುಳ ಎಂದು ಹೆಸರು ಹಾಕಲೇಬೇಕು, ಸಿಗಡಿ, ಏಡಿ ಆಗದವರಿಗೆ ಇದೂ ಆಗದಿರಬಹುದು ಎಂಬ ಎಚ್ಚರಿಕೆಯನ್ನೂ ಹಾಕಲೇಬೇಕು. ಈ ಎಚ್ಚರಿಕೆ ನಮ್ಮವರಿಗೆ ಇನ್ನೂ ಮುಖ್ಯ. ಎಟ್ಟಿ ತಿಂದು ತುಟಿ ಊದಿಕೊಳ್ಳುವವರು, ಮೈ ತುರಿಸುವವರು ಪ್ರತಿ ಕೇರಿಯಲ್ಲೂ ಇದ್ದಾರೆ. ಟ್ರೋಪೊಮಯೊಸಿನ್ ಎಂಬ ಪ್ರೋಟೀನ್ ಇದಕ್ಕೊಂದು ಮುಖ್ಯ ಕಾರಣ. ಅದು ಸಿಗಡಿಯಲ್ಲೂ ಇದೆ, ಕೀಟದಲ್ಲೂ ಇದೆ. ಅಂಥವರು ಚಗಳಿ ಚಟ್ನಿಯ ಸಾಹಸಕ್ಕೆ ಹೋಗಬಾರದು.

ಈಗ ದಕ್ಕೆಗೆ ಬನ್ನಿ. ಮಲ್ಪೆಯಾದರೂ ಸರಿ, ಮಂಗಳೂರಾದರೂ ಸರಿ, ಬೆಳಗಿನ ಜಾವ ಟ್ರಾಲ್ ಬೋಟಿನಿಂದ ಮೀನು ಇಳಿಸುವುದನ್ನು ಒಂದು ಗಂಟೆ ನಿಂತು ನೋಡಿ. ಮೊದಲು ಐಸ್ ಹಾಕಿದ ಬುಟ್ಟಿಗಳು ಬರುತ್ತವೆ. ಅಂಜಲ್, ಬೊಂಡಾಸ್, ದೊಡ್ಡ ಮದ್ಮಲ್. ಹರಾಜು ಕೂಗುತ್ತಾರೆ, ಜನ ಮುತ್ತುತ್ತಾರೆ. ಅದೆಲ್ಲ ಮುಗಿದ ಮೇಲೆ ತಳದಿಂದ ಬರುವ ರಾಶಿಗೆ ಐಸ್ ಇರುವುದಿಲ್ಲ, ಹರಾಜು ಇರುವುದಿಲ್ಲ. ಬೆರಳುದ್ದದ ಮದ್ಮಲ್ ಮರಿ, ದಾರದಂಥ ಪಾಂಬೋಲ್, ಅರಣೆಮೀನಿನ ಮರಿ, ಕಾಲು ಮುರಿದ ಸಣ್ಣ ಏಡಿಗಳು, ಎಲ್ಲವೂ ಬೂದುಬಣ್ಣದ ಒಂದೇ ಮುದ್ದೆಯಾಗಿರುತ್ತದೆ. ಅದನ್ನು ಸಲಿಕೆಯಲ್ಲಿ ಎತ್ತಿ ಲಾರಿಗೆ ಹಾಕುತ್ತಾರೆ. ಲಾರಿಯ ಹಿಂಬದಿಯಿಂದ ಕಂದು ನೀರು ರಸ್ತೆಯುದ್ದ ಸೋರುತ್ತಾ ಹೋಗುತ್ತದೆ. ಹೋಗುವುದು ಫಿಶ್‌ಮೀಲ್ ಫ್ಯಾಕ್ಟರಿಗೆ. ನಮ್ಮ ಕರಾವಳಿ ಮೀನಿನ ಪುಡಿಗೂ ಮೀನೆಣ್ಣೆಗೂ ದೇಶದ ದೊಡ್ಡ ಕೇಂದ್ರಗಳಲ್ಲಿ ಒಂದು. ಒಂದು ಕಿಲೋ ಪುಡಿಗೆ ನಾಲ್ಕರಿಂದ ಐದು ಕಿಲೋ ಹಸಿಮೀನು ಬೇಕು.

ಆ ರಾಶಿಯಲ್ಲಿರುವ ಮದ್ಮಲ್ ಇನ್ನೊಂದು ವರ್ಷ ಕಡಲಲ್ಲಿ ಇದ್ದಿದ್ದರೆ ಒಮ್ಮೆಯಾದರೂ ಮೊಟ್ಟೆಯಿಡುತ್ತಿತ್ತು. ನಾನು ಮೀನುಗಾರರನ್ನು ದೂರುತ್ತಿಲ್ಲ. ಡೀಸೆಲ್ ದರ ಗೊತ್ತಿದ್ದವರಿಗೆ ಅವರ ಸಂಕಟ ಗೊತ್ತು. ಬಲೆಗೆ ಬಂದದ್ದಕ್ಕೆಲ್ಲ ಕೊಳ್ಳುವವರಿದ್ದರೆ ಬಲೆಯ ಕಣ್ಣು ಸಣ್ಣದಾಗುತ್ತಲೇ ಹೋಗುತ್ತದೆ. ಬೂತಾಯಿ (ಸಾರ್ಡೀನ್) ಮೀನಿನ ಕಥೆ ನಿಮಗೆ ನೆನಪಿರಬೇಕು. ಪಕ್ಕದ ಕೇರಳದಲ್ಲಿ 2012ರಲ್ಲಿ ಸುಮಾರು 4 ಲಕ್ಷ ಟನ್ ಸಿಕ್ಕಿದ್ದು 2021ರಲ್ಲಿ 3,500 ಟನ್‌ಗಿಂತ ಕೆಳಗೆ ಬಂತು. ಲಕ್ಷ ಅಲ್ಲ, ಸಾವಿರ. ಆಮೇಲೆ ಮತ್ತೆ ಏರಿತು. ಕಡಲಿನ ಬಿಸಿ, ಆಹಾರದ ಏರುಪೇರು, ಅತಿಯಾದ ಹಿಡಿತ ಎಲ್ಲವೂ ಸೇರಿ ಹೀಗಾಗುತ್ತದೆ, ಒಂದೇ ಕಾರಣಕ್ಕೆ ಕಟ್ಟಲಾಗದು. ಆದರೆ ಬಡವರ ಮೀನು ಎನ್ನಿಸಿಕೊಂಡದ್ದರ ದರ ಕೇಳಿ ಮಾರುಕಟ್ಟೆಯಿಂದ ಬರಿಗೈಯಲ್ಲಿ ಬಂದವರು ಇಲ್ಲಿಯೂ ಇದ್ದೀರಿ. ಆ ಮೀನನ್ನು ಕೋಳಿಗೆ, ಆಂಧ್ರದ ಸಿಗಡಿ ಕೆರೆಗೆ ಹಾಕುವುದು ಸರಿಯೇ?

ಇಲ್ಲಿಗೆ ನನ್ನ ಹುಳ ಬರುತ್ತದೆ. ಬ್ಲ್ಯಾಕ್ ಸೋಲ್ಜರ್ ಫ್ಲೈ. ಸಾಕುವವರು ಬಿಎಸ್‌ಎಫ್ ಎನ್ನುತ್ತಾರೆ. ಕಣಜದ ಹಾಗೆ ಕಾಣುವ ಕಪ್ಪು ನೊಣ, ಆದರೆ ಕಚ್ಚುವುದಿಲ್ಲ. ನೊಣವಾದ ಮೇಲೆ ಅದು ಏನನ್ನೂ ತಿನ್ನುವುದೇ ಇಲ್ಲವೆನ್ನಬಹುದು, ಮರಿಯಾಗಿದ್ದಾಗ ಕೂಡಿಟ್ಟ ಕೊಬ್ಬಿನಲ್ಲೇ ಒಂದು ವಾರದಷ್ಟು ಬದುಕಿ, ಕೂಡಿ, ಸುಮಾರು 500 ಮೊಟ್ಟೆಯಿಟ್ಟು ಸಾಯುತ್ತದೆ. ತಿನ್ನದ ಕಾರಣ ಅಡುಗೆಮನೆಯ ನೊಣದ ಹಾಗೆ ಗಲೀಜಿನಿಂದ ಅನ್ನಕ್ಕೆ ಹಾರಿ ರೋಗ ಹರಡುವುದಿಲ್ಲ. ಮೊಟ್ಟೆ ನಾಲ್ಕು ದಿನಕ್ಕೆ ಒಡೆಯುತ್ತದೆ. ಆಮೇಲೆ ಎರಡು, ಮೂರು ವಾರ ಮರಿಹುಳ ತಿನ್ನುವುದೊಂದೇ ಕೆಲಸ.

ನಮ್ಮ ಮನೆಯ ಹಿಂದಿನ ಹಳೆಯ ಕೊಟ್ಟಿಗೆಯಲ್ಲಿ ಇದರ ಟ್ರೇಗಳಿವೆ. ಬಾಳೆಹಣ್ಣಿನ ಸಿಪ್ಪೆ, ಅನ್ನ, ಹೋಟೆಲಿನ ಪಲ್ಯ ಹಾಕಿದ ಟ್ರೇಯ ಹತ್ತಿರ ಕಿವಿಯಿಟ್ಟರೆ ಸರಸರ ಎಂಬ ಸದ್ದು ಕೇಳುತ್ತದೆ, ಸಾವಿರಾರು ಬಾಯಿಗಳು ಒಟ್ಟಿಗೆ ತಿನ್ನುವ ಸದ್ದು. ಅಂಗೈ ಮೇಲಿಟ್ಟರೆ ಬಿಸಿ ತಾಗುತ್ತದೆ. ಗುಂಪಾಗಿ ತಿನ್ನುವಾಗ ರಾಶಿಯೇ ಕಾಯುತ್ತದೆ. ಮರುದಿನಕ್ಕೆ ಸಿಪ್ಪೆಯ ನಾರು ಬಿಟ್ಟು ಮಿಕ್ಕದ್ದೆಲ್ಲ ಕಾಫಿಪುಡಿಯ ಬಣ್ಣದ ಹಿಕ್ಕೆಯಾಗಿರುತ್ತದೆ. ಅದನ್ನು ಕೊಳೆಯಲು ಬಿಟ್ಟು ಬದನೆ, ಬಸಳೆಯ ಬುಡಕ್ಕೆ ಹಾಕುತ್ತೇವೆ. ಹಸಿ ತ್ಯಾಜ್ಯದ ತೂಕ ಅರ್ಧಕ್ಕಿಂತ ಹೆಚ್ಚು ಇಳಿದಿರುತ್ತದೆ. ನೂರು ಕಿಲೋ ಹಸಿ ತ್ಯಾಜ್ಯಕ್ಕೆ, ಮೇವು ಚೆನ್ನಾಗಿದ್ದರೆ, ಹತ್ತರಿಂದ ಇಪ್ಪತ್ತು ಕಿಲೋ ಹಸಿ ಹುಳ ಸಿಗುತ್ತದೆ.

ಒಣಗಿಸಿದ ಹುಳದಲ್ಲಿ ಶೇ. 40ರಷ್ಟು ಪ್ರೋಟೀನ್, ಶೇ. 30ರಷ್ಟು ಕೊಬ್ಬು. ಆ ಕೊಬ್ಬಿನಲ್ಲಿ ಹೆಚ್ಚಿನದು ಲಾರಿಕ್ ಆಮ್ಲ, ಅಂದರೆ ನಮ್ಮ ತೆಂಗಿನೆಣ್ಣೆಯಲ್ಲಿ ಇರುವುದೇ. ಕೆರೆಮೀನಿಗೆ ಬೇಕಾದ ಒಮೆಗಾ-3 ಇದರಲ್ಲಿ ಕಡಿಮೆ, ಇದು ನಿಜವಾದ ಕೊರತೆ. ಆದರೆ ಮರಿಹುಳಕ್ಕೆ ಮೀನಿನ ಕರುಳು, ತಲೆ ತಿನ್ನಿಸಿದರೆ ಆ ಕೊಬ್ಬು ಹುಳದ ಮೈಗೆ ಬರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಮೀನು ಮಾರುಕಟ್ಟೆಯ ಹಿಂದೆ ಕಾಗೆ, ನಾಯಿಗಳ ಪಾಲಾಗುವ ರಾಶಿ ಎಷ್ಟೆಂದು ನಿಮಗೆ ಗೊತ್ತು. ಯುರೋಪಿನವರು ಹುಳದ ಪ್ರೋಟೀನನ್ನು ಸಾಕುಮೀನಿಗೆ ಹಾಕಲು 2017ರಲ್ಲಿ, ಕೋಳಿ ಮತ್ತು ಹಂದಿಗೆ ಹಾಕಲು 2021ರಲ್ಲಿ ಅನುಮತಿಸಿದರು.

ಕೋಳಿಗೆ ಹುಳ ಹೊಸತಲ್ಲ. ಊರಕೋಳಿ ದಿನವಿಡೀ ಕೆದಕುವುದು ಯಾತಕ್ಕೆ? ಹಿಂದಿನವರು ಒರಲೆ (ಗೆದ್ದಲು) ಹಿಡಿದ ಮರದ ತುಂಡು ತಂದು ಮರಿಗಳ ಮುಂದೆ ಕುಟ್ಟುತ್ತಿದ್ದರು. ಮರಿಗಳು ಒಂದರ ಮೇಲೊಂದು ಬಿದ್ದು ಹೆಕ್ಕುತ್ತಿದ್ದವು. ಫಾರ್ಮಿನ ಗೋಡೆಯೊಳಗೆ ಹೋದ ಮೇಲೆ ಅದು ಸೋಯಾ, ಮೀನುಪುಡಿ ತಿನ್ನುವಂತಾಯಿತು.

ಯುರೋಪಿಗೆ ಇಲ್ಲದ ಒಂದು ಅನುಕೂಲ ನಮಗಿದೆ. ಈ ಹುಳಕ್ಕೆ 27ರಿಂದ 30 ಡಿಗ್ರಿ ಬಿಸಿ, ಶೇ. 70ರಷ್ಟು ತೇವ ಇದ್ದರೆ ಹಬ್ಬ. ಶೀತದೇಶಗಳಲ್ಲಿ ಈ ವಾತಾವರಣ ಕಟ್ಟಲು ಗ್ಯಾಸು, ಕರೆಂಟು ಸುಡಬೇಕು, ಆಗ ಪರಿಸರದ ಲೆಕ್ಕವೇ ಕೆಡುತ್ತದೆ. ಫ್ರಾನ್ಸಿನಲ್ಲಿ ನೂರಾರು ಮಿಲಿಯನ್ ಯೂರೋ ಬಂಡವಾಳ ಎತ್ತಿ ಹಿಟ್ಟಿನ ಹುಳದ ಬಹುಮಹಡಿ ಕಾರ್ಖಾನೆ ಕಟ್ಟಿದ ಕಂಪನಿಯೊಂದು 2024ರಲ್ಲಿ ಸಾಲಗಾರರಿಂದ ರಕ್ಷಣೆ ಕೋರಿ ಕೋರ್ಟಿಗೆ ಹೋಗಬೇಕಾಯಿತು. ಥಾಯ್ಲೆಂಡಿನ ರೈತನ ಸಿಮೆಂಟ್ ತೊಟ್ಟಿ ಇನ್ನೂ ನಡೆಯುತ್ತಿದೆ. ನಮಗೆ ಮಾದರಿ ಆ ತೊಟ್ಟಿ.

ತೊಡಕುಗಳನ್ನೂ ಹೇಳಬೇಕು. ಹುಳ ತಾನು ತಿಂದ ಕ್ಯಾಡ್ಮಿಯಂನಂಥ ಲೋಹಗಳನ್ನು ಮೈಯಲ್ಲಿ ಕೂಡಿಡುತ್ತದೆ. ಬ್ಯಾಟರಿ, ಬಣ್ಣದ ಪ್ಲಾಸ್ಟಿಕ್ ಬೆರೆತ ಕಸ ಹಾಕಿದರೆ ಅದು ಕೋಳಿಯ ಮೂಲಕ ನಮಗೇ ಮರಳುತ್ತದೆ. ಕೋಳಿ ಅಂಗಡಿಯ ತ್ಯಾಜ್ಯ ತಿಂದ ಹುಳವನ್ನು ಕೋಳಿಗೆ ಹಾಕಬಾರದು. ಹುಚ್ಚುಹಸು ರೋಗದಲ್ಲಿ ಜಗತ್ತು ಈ ಪಾಠ ಕಲಿತಿದೆ, ಯುರೋಪಿನಲ್ಲಿ ಹೋಟೆಲ್ ಎಂಜಲನ್ನು ಸಾಕು ಹುಳಕ್ಕೆ ಹಾಕುವುದನ್ನೇ ನಿಷೇಧಿಸಿರುವುದರ ಹಿಂದೆಯೂ ಆ ಭಯವಿದೆ. ಕೋಳಿಗೆ ಹಾಕುವ ಮುಂಚೆ ಹುಳವನ್ನು ಕುದಿನೀರಿಗೆ ಹಾಕಿ ಒಣಗಿಸಲೇಬೇಕು. ಅದರ ಸಾವು ಕ್ಷಣದಲ್ಲಿ ಆಗಬೇಕು. ಹುಳಕ್ಕೆ ನೋವಾಗುತ್ತದೆಯೇ ಎಂಬ ಚರ್ಚೆ ವಿಜ್ಞಾನದಲ್ಲಿ ಮುಗಿದಿಲ್ಲ, ಮುಗಿಯದಿರುವಾಗ ಆಗುತ್ತದೆ ಎಂದೇ ನಡೆದುಕೊಳ್ಳುವುದು ಮನುಷ್ಯರಿಗೆ ತಕ್ಕದ್ದು. ದರದ ಪ್ರಶ್ನೆಯೂ ಇದೆ. ಪೇಟೆಯಿಂದ ಕೊಂಡರೆ ಹುಳದ ಪುಡಿ ಇವತ್ತಿಗೂ ಸೋಯಾ ಹಿಂಡಿಗಿಂತ ದುಬಾರಿ. ಕೋಳಿ ಸಾಕಣೆಯ ಖರ್ಚಿನಲ್ಲಿ ಮೂರನೇ ಎರಡು ಪಾಲು ಫೀಡಿನದ್ದೇ ಆಗಿರುವಾಗ ಯಾವ ಫಾರ್ಮಿನವರೂ ಧರ್ಮಕ್ಕೆ ಕೊಳ್ಳುವುದಿಲ್ಲ. ತ್ಯಾಜ್ಯ ಹುಟ್ಟುವ ಜಾಗದಲ್ಲೇ ಹುಳ ಸಾಕಿ, ಹತ್ತಿರದ ಕೋಳಿಗೇ ಹಾಕಿದರೆ ಮಾತ್ರ ಲೆಕ್ಕ ಕೂಡುತ್ತದೆ.

ತ್ಯಾಜ್ಯ ಎಲ್ಲಿ ಹುಟ್ಟುತ್ತದೆ, ಎಲ್ಲಿ ಹೋಗುತ್ತದೆ ನೋಡಿ. 2019ರ ಆಗಸ್ಟಿನಲ್ಲಿ, ಮಳೆ ಜೋರಾಗಿದ್ದಾಗ, ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಕೆಳಗಿನ ಮಂದಾರದ ಮೇಲೆ ಹೋಯಿತು. ಅಡಿಕೆ, ತೆಂಗಿನ ತೋಟಗಳು ಕಸದಡಿ ಮುಚ್ಚಿದವು, ಮನೆಗಳವರು ಬಿಟ್ಟು ಹೊರಡಬೇಕಾಯಿತು. ಆ ಗುಡ್ಡ ಬೆಳೆದದ್ದರಲ್ಲಿ, ಕೊಳೆತು ಮೆತ್ತಗಾದದ್ದರಲ್ಲಿ ನಮ್ಮ ಅಡುಗೆಮನೆಯ ಅನ್ನ, ಸಿಪ್ಪೆ, ಮೀನಿನ ತಲೆಯ ಪಾಲು ದೊಡ್ಡದು. ಅದು ಬೇರೆಯಾಗಿ ಬಂದಿದ್ದರೆ ಹುಳದ ಮೇವು. ಪ್ಲಾಸ್ಟಿಕ್ ಜೊತೆ ಬೆರೆತು ಬಂದ ಮೇಲೆ ಯಾರಿಗೂ ಬೇಡದ ವಿಷ.

ಉಡುಪಿ ಜಿಲ್ಲೆ ಈ ವಿಷಯದಲ್ಲಿ ಮೊದಲೇ ಒಂದು ಹೆಜ್ಜೆ ಇಟ್ಟಿದೆ. ವಂಡ್ಸೆ ಪಂಚಾಯತಿನ ಎಸ್‌ಎಲ್‌ಆರ್‌ಎಂ, ಅಂದರೆ ಘನ ಮತ್ತು ದ್ರವ ಸಂಪನ್ಮೂಲ ನಿರ್ವಹಣೆ, ಘಟಕದ ಹೆಸರು ನೀವು ಕೇಳಿದ್ದೀರಿ. ಮನೆಮನೆಯಿಂದ ಹಸಿ, ಒಣ ಬೇರೆಬೇರೆ ಬರುತ್ತದೆ, ಮಹಿಳೆಯರು ಕೂತು ಇನ್ನೂ ವಿಂಗಡಿಸುತ್ತಾರೆ. ಇಂಥ ಘಟಕಗಳಲ್ಲಿ ಹಸಿ ತ್ಯಾಜ್ಯ ಬಹುಪಾಲು ಗೊಬ್ಬರವಾಗುತ್ತದೆ. ಗೊಬ್ಬರಕ್ಕೆ ಸಿಗುವ ದುಡ್ಡು ಅಷ್ಟಕ್ಕಷ್ಟೆ. ಅದರ ಪಕ್ಕದಲ್ಲೇ ಒಂದು ಶೀಟಿನ ಮಾಡು, ಹತ್ತಿಪ್ಪತ್ತು ಟ್ರೇ, ನೊಣ ಮೊಟ್ಟೆಯಿಡಲು ಒಂದು ಸೊಳ್ಳೆಪರದೆಯ ಗೂಡು ಸೇರಿಸಬಹುದು. ಗೊಬ್ಬರ ಹೇಗೂ ಸಿಗುತ್ತದೆ, ಜೊತೆಗೆ ಹುಳ ಸಿಗುತ್ತದೆ. ಊರಕೋಳಿ ಸಾಕುವ ಸ್ವಸಹಾಯ ಗುಂಪಿನವರೇ ಅದನ್ನು ಕೊಳ್ಳಬಹುದು. ಫೀಡನ್ನು ಪೂರ್ತಿ ಬಿಡಬೇಕೆಂದಿಲ್ಲ, ಮೀನುಪುಡಿ ಮತ್ತು ಸೋಯಾದ ಸ್ವಲ್ಪ ಪಾಲನ್ನು ಬದಲಿಸಿದರೆ ಸಾಕು.

ಮಳೆಗಾಲದಲ್ಲಿ ನಡೆಯುತ್ತದೆಯೇ ಎಂದು ಹಿಂದಿನ ಸಾಲಿನಿಂದ ಕೇಳಿದರು. ಕಷ್ಟ ಇರುವುದು ಅಲ್ಲೇ. ಜೂನ್, ಜುಲೈಯಲ್ಲಿ ಟ್ರೇ ನೀರಾಗುತ್ತದೆ, ಹುಳಗಳು ಉಸಿರುಕಟ್ಟಿ ಅಂಚು ಹತ್ತಿ ಹೊರಬೀಳುತ್ತವೆ, ಒಣಗಿಸಲು ಬಿಸಿಲಿರುವುದಿಲ್ಲ, ಒಣಗಿಸಿಟ್ಟದ್ದಕ್ಕೆ ಬೂಷ್ಟು ಬರುತ್ತದೆ. ಬೂಷ್ಟು ಬಂದದ್ದನ್ನು ಕೋಳಿಗೆ ಹಾಕಲೇಬಾರದು. ತೆಂಗಿನ ನಾರಿನ ಹುಡಿ ಬೆರೆಸಿದರೆ ಟ್ರೇಯ ನೀರು ಹಿಡಿಯುತ್ತದೆ. ಒಣಗಿಸುವ ಗೋಜು ಬೇಡವೆಂದರೆ ಕುದಿನೀರಲ್ಲಿ ಅದ್ದಿ ಅಂದಂದಿನದನ್ನು ಅಂದಂದೇ ಕೋಳಿಗೆ ಹಾಕಬೇಕು. ಹೇಗೂ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟುಗಳು ಕಡಲಿಗಿಳಿಯುವುದಿಲ್ಲ, ಆ 61 ದಿನ ಫ್ಯಾಕ್ಟರಿಗೂ ಹೊಸ ಮೀನು ಬರುವುದು ಕಡಿಮೆ. ಹುಳಕ್ಕೆ ಹೆಚ್ಚು ಗಿರಾಕಿ ಇರುವುದೂ, ಹುಳ ಸಾಕುವುದು ಹೆಚ್ಚು ಕಷ್ಟವಾಗುವುದೂ ಅದೇ ಎರಡು ತಿಂಗಳು. ಟ್ರೇ ಇಡುವವರು ಅದಕ್ಕೆ ದೀಪಾವಳಿ ಕಳೆದ ಮೇಲೆ ಶುರುಮಾಡಿ. ಬೇಸಿಗೆಯಿಡೀ ಕೈ ಪಳಗಿದ ಮೇಲೆ ಮಳೆ ಬರಲಿ. ಮೊದಲ ಮೊಟ್ಟೆಗಳನ್ನು ನಾನೇ ಕೊಡುತ್ತೇನೆ, ಬರುವಾಗ ಮುಚ್ಚಳವಿರುವ ಒಂದು ಡಬ್ಬಿ ತನ್ನಿ.